ಅರಳಿಕಟ್ಟೆಗೆ ಗ್ರಾನೈಟ್ ಹಾಕಿಸಿದವರ ಹತ್ತಿರ ಎರಡು ಮಾತು

ಬಳ್ಳಾರಿ ಕಡೆ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅನ್ನೋ ಹಳೇ ಜೋಕ್ ನಿಮಗೂ ಗೊತ್ತಿರುತ್ತದೆ. ರಾಯಚೂರಿನವರನ್ನೂ, ಕೊಪ್ಪಳದ ನಮ್ಮನ್ನೂ ಅದೇ ಸಾಲಿಗೆ ಸೇರಿಸಿ ನಗುತ್ತಾರೆ. ಬೇಸಿಗೆ ಶುರುವಾಯಿತೆಂದರೆ ಬೆಂಗಳೂರಿನ ಗೆಳೆಯರು ಗುಲಾಬಿ ಬಣ್ಣದ ತಬೆಬುಯಾ ಮರದ ಫೋಟೋ ಹಾಕಿ ವಸಂತ ಬಂತು ಅಂತ ಬರೆಯುತ್ತಾರೆ. ಚೆಂದವೇ ಇದೆ, ನಾನೂ ಲೈಕ್ ಒತ್ತುತ್ತೇನೆ. ಆದರೆ ಅದು ಅಮೆರಿಕ ಖಂಡದಿಂದ ಬಂದ ಮರ. ನಮ್ಮ ನೆಲದ ವಸಂತ ನೋಡಬೇಕಿದ್ದರೆ ಏಪ್ರಿಲ್ ಮೊದಲ ವಾರದಲ್ಲಿ ಕೊಪ್ಪಳದಿಂದ ಕುಷ್ಟಗಿ ಕಡೆಗೋ, ಸಿಂಧನೂರಿನಿಂದ ಮಸ್ಕಿ ಕಡೆಗೋ ಬಸ್ಸಿನ ಕಿಟಕಿ ಪಕ್ಕ ಕೂತು ಒಮ್ಮೆ ಹೋಗಿ ಬನ್ನಿ. ನೆಲ ಪೂರ್ತಿ ಒಣಗಿರುತ್ತದೆ. ಎರೆಹೊಲ ಅಂಗೈ ಹೋಗುವಷ್ಟು ಬಾಯಿ ಬಿಟ್ಟಿರುತ್ತದೆ. ಹುಲ್ಲು ಅನ್ನೋದು ಕಣ್ಣಿಗೇ ಬೀಳಲ್ಲ. ಅದರ ನಡುವೆ ಒಂದು ಬೇವು, ಸ್ವಲ್ಪ ದೂರಕ್ಕೆ ಒಂದು ಹೊಂಗೆ, ಈಗಷ್ಟೇ ತೊಳೆದು ಇಟ್ಟ ಪಾತ್ರೆಯ ಹಾಗೆ ಫಳಫಳ ಅಂತ ನಿಂತಿರುತ್ತವೆ.

ಮಳೆ ಬರೋದು ಜೂನ್‌ಗೆ. ಅಂದರೆ ಇನ್ನೂ ಎರಡು ತಿಂಗಳು. ಬೋರ್‌ವೆಲ್‌ಗಳೇ ಏದುಸಿರು ಬಿಡುವಾಗ ಈ ಮರಗಳಿಗೆ ಚಿಗುರೋಕೆ ನೀರು ಎಲ್ಲಿಂದ ಬಂತು?

ನನಗೆ ಇದು ಬಹಳ ದಿನ ಒಗಟಾಗಿಯೇ ಇತ್ತು. ಓದಿದ ಮೇಲೆ ಗೊತ್ತಾಗಿದ್ದು ಇಷ್ಟು. ಮರ ಹಳೇ ಎಲೆ ಉದುರಿಸಿದ ಕೂಡಲೇ ಅದರಿಂದ ಆವಿಯಾಗಿ ಹೋಗುವ ನೀರು ಬಹುಪಾಲು ನಿಂತುಬಿಡುತ್ತದೆ. ಬೇರು ಆಳದಿಂದ ಎಳೆದ ಸ್ವಲ್ಪ ನೀರು ಖರ್ಚಾಗದೆ ಕಾಂಡದಲ್ಲಿ ಕೂಡುತ್ತಾ ಹೋಗುತ್ತದೆ. ಅಷ್ಟರಲ್ಲಿ ಹಗಲು ಉದ್ದವಾಗುತ್ತಿರುತ್ತದೆ. ಮೊಗ್ಗು ಒಡೆಯುತ್ತದೆ. ಮಳೆಗೆ ಮೊದಲೇ ಚಿಗುರುವುದರಲ್ಲಿ ಲೆಕ್ಕಾಚಾರ ಕೂಡ ಇದೆ. ಎಲೆ ತಿನ್ನುವ ಹುಳುಗಳು ಮಳೆ ಬಿದ್ದ ಮೇಲೆ ಜಾಸ್ತಿ ಆಗುತ್ತವೆ, ಅಷ್ಟು ಹೊತ್ತಿಗೆ ಎಲೆ ಬಲಿತು ಗಟ್ಟಿಯಾಗಿರಬೇಕು. ಮುದುಮಲೈ ಕಾಡಿನಲ್ಲಿ ಇದನ್ನೇ ಕೂತು ನೋಡಿದ ವಿಜ್ಞಾನಿಗಳು 1993ರಲ್ಲಿ ಬರೆದಿದ್ದಾರೆ, ಮಳೆಗೆ ಮುಂಚೆ ಚಿಗುರಿದ ಮರಗಳ ಎಲೆಗೆ ಹುಳುವಿನ ಕಾಟ ಕಡಿಮೆ ಅಂತ.

ಅಂದರೆ ನಮ್ಮ ಕಡೆ ವಸಂತ ಮಳೆ ಕೊಟ್ಟದ್ದಲ್ಲ. ನೆಲದೊಳಗೆ, ಕಾಂಡದೊಳಗೆ ಉಳಿದ ನೀರು ಕೊಟ್ಟದ್ದು. ಈ ಮಾತನ್ನು ನೆನಪಲ್ಲಿ ಇಟ್ಟುಕೊಳ್ಳಿ, ಗ್ರಾನೈಟ್ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಮೊದಲು ಶುರುವಾಗೋದು ಮುತ್ತಲ. ಫೆಬ್ರುವರಿ ಕೊನೆಗೆ ಸಂಡೂರು ಗುಡ್ಡದ ಕಡೆ ಹೋದರೆ ಒಂದು ಎಲೆಯೂ ಇಲ್ಲದ ಕೊಂಬೆ ತುಂಬ ಕೇಸರಿ ಹೂ. ವಾಸನೆ ಇಲ್ಲ, ಆದರೂ ಹಕ್ಕಿಗಳ ಜಗಳ ಜೋರಾಗಿರುತ್ತದೆ, ಯಾಕಂದರೆ ಮಕರಂದ ಧಾರಾಳ. ಹೋಳಿ ಓಕುಳಿಗೆ ಈ ಹೂವನ್ನೇ ನೀರಲ್ಲಿ ಕುದಿಸಿ ಬಣ್ಣ ಮಾಡುತ್ತಿದ್ದರು, ಇದರ ಎಲೆಯಲ್ಲೇ ಪತ್ರಾವಳಿ ಹಚ್ಚುತ್ತಿದ್ದರು. ಆಮೇಲೆ ಹೊಂಗೆ. ಹಳ್ಳಿ ಕಡೆ ಹಿರಿಯರು ಹುಲಗಲ ಅನ್ನುತ್ತಾರಲ್ಲ, ಅದೇ. ಅದರ ನೆರಳಲ್ಲಿ ಮಧ್ಯಾಹ್ನ ಮಲಗಿ ಎದ್ದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಹುಣಸೆ ಚಿಗುರು ನೋಡೋಕಿಂತ ತಿನ್ನೋಕೆ ಚೆಂದ. ರಾಯಚೂರು ಕಡೆ ತೊಗರಿಬೇಳೆಗೆ ಎಳೆ ಹುಣಸೆ ಚಿಗುರು ಹಾಕಿ ಮಾಡುವ ಪಲ್ಯಕ್ಕೆ ಬಿಸಿ ರೊಟ್ಟಿ ಇದ್ದರೆ ಬೇರೆ ಏನೂ ಬೇಡ. ಹೊಲದ ನಡುವಿನ ಬನ್ನಿ ಸದ್ದಿಲ್ಲದೆ ಚಿಗುರಿರುತ್ತದೆ, ಮೇಕೆ ಕಾಯೋರಿಗೆ ಮಾತ್ರ ಅದು ಗೊತ್ತು.

ಇನ್ನು ಅರಳಿ. ಇದನ್ನು ಹತ್ತಿರ ಹೋಗಿ ನೋಡಬೇಕು. ಕೊಂಬೆ ತುದಿಯಲ್ಲಿ ಚೂಪಾದ ಮೊಗ್ಗು, ಅದಕ್ಕೊಂದು ತೆಳು ಹೊದಿಕೆ. ಎಲೆ ಬಿಚ್ಚುವಾಗ ಆ ಹೊದಿಕೆ ಕಳಚಿ ಬೀಳುತ್ತದೆ. ಬೆಳಗ್ಗೆ ಕಟ್ಟೆ ಗುಡಿಸೋರು ಇದೇನು ಕಸ ಅಂತ ಬೈಯೋದು ಇವನ್ನೇ. ಹೊಸ ಎಲೆ ತಾಮ್ರದ ಬಣ್ಣ, ಬಿಸಿಲಿಗೆ ಹಿಡಿದರೆ ಬೆಳಕು ಆ ಕಡೆಯಿಂದ ಈ ಕಡೆ ಬರುವಷ್ಟು ತೆಳು. ತೊಟ್ಟು ಉದ್ದ, ತುದಿಗೆ ಬಾಲ. ಬೇರೆ ಮರದ ಎಲೆ ಅಲ್ಲಾಡದೇ ಇದ್ದಾಗಲೂ ಇದು ಅಲ್ಲಾಡುತ್ತಿರುತ್ತದೆ. ಆ ಕೆಂಪು ಬಣ್ಣ ಬರೀ ಅಂದಕ್ಕಲ್ಲ, ಹಸಿರು ಇನ್ನೂ ತುಂಬದ ಎಳೆ ಎಲೆಯನ್ನು ಸುಡು ಬಿಸಿಲಿನಿಂದ ಕಾಯೋಕೆ ಅನ್ನುತ್ತಾರೆ. ಕೆಲವೇ ದಿನದಲ್ಲಿ ಹಸಿರಾಗಿಬಿಡುತ್ತದೆ. ಆ ಕೆಲವು ದಿನ ನೋಡದೇ ಇದ್ದರೆ ಆ ವರ್ಷದ್ದು ಹೋಯಿತು.

ಬೇವಿನ ಬಗ್ಗೆ ಬರೆಯದೇ ನಮ್ಮ ಕಡೆಯವರು ವಸಂತದ ಬಗ್ಗೆ ಬರೆಯೋಕೆ ಆಗಲ್ಲ. ಮೈಸೂರು ಕಡೆ ಯುಗಾದಿಗೆ ಬೇವು ಬೆಲ್ಲ ಅಂದ್ರೆ ಅಂಗೈಗೆ ಒಂದು ಚಿಟಿಕೆ. ನಮ್ಮಲ್ಲಿ ಬೇವು ಕುಡಿಯುವುದು. ಹೊಸ ಗಡಿಗೆ ತಂದು, ಹುಣಸೆ ನೀರು, ಬೆಲ್ಲ, ಹೆಚ್ಚಿದ ಮಾವಿನಕಾಯಿ, ಪುಟಾಣಿ ಹಿಟ್ಟು, ಬಾಳೆಹಣ್ಣು, ಮನೆಯ ತಾಕತ್ತಿಗೆ ತಕ್ಕ ಹಾಗೆ ದ್ರಾಕ್ಷಿ ಗೋಡಂಬಿ, ಎಲ್ಲ ಹಾಕಿ ಕೊನೆಗೆ ಬೇವಿನ ಹೂ. ಮರದ ಕೆಳಗೆ ಹಳೇ ಸೀರೆ ಹಾಸಿ ಕೊಂಬೆ ಜಾಡಿಸಿ ಹೂ ಕೂಡಿಸಬೇಕು, ಆಮೇಲೆ ಎರಡೂ ಅಂಗೈ ನಡುವೆ ಹಗುರಾಗಿ ಉಜ್ಜಿ ತೊಟ್ಟು ಕಡ್ಡಿ ಬೇರೆ ಮಾಡಬೇಕು. ಕೈಗೆ ಅಂಟಿದ ಕಹಿ ಸಂಜೆವರೆಗೆ ಹೋಗಲ್ಲ. ಓಣಿಯಲ್ಲಿ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ "ಬೇವು ಕುಡಿಯಾಕ ಬರ್ರೀ" ಅಂತ ಕರೆ. ಮೂರು ಮನೆ ಮುಗಿಸೋ ಹೊತ್ತಿಗೆ ಹೋಳಿಗೆಗೆ ಹೊಟ್ಟೆಯಲ್ಲಿ ಜಾಗ ಇರಲ್ಲ.

ಯುಗಾದಿ ಮಾರ್ಚ್ ಮಧ್ಯದ ಹೊತ್ತಿಗೇ ಬಂದುಬಿಟ್ಟ ವರ್ಷ ಗಮನಿಸಿದ್ದೀರಾ? ಬೇವು ಇನ್ನೂ ಮೊಗ್ಗಲ್ಲೇ ಇರುತ್ತದೆ. ಹೂ ಬಿಟ್ಟ ಮರ ಯಾವ ಓಣಿಯಲ್ಲಿದೆ ಅಂತ ಹುಡುಗರು ಸೈಕಲ್ ಹತ್ತಿ ಹುಡುಕುತ್ತಾರೆ. ಚಂದ್ರನ ತಿಂಗಳು ಹಿಡಿದು ನಡೆದರೆ ವರ್ಷಕ್ಕೆ ಸುಮಾರು 11 ದಿನ ಹಿಂದೆ ಬೀಳುತ್ತೇವೆ. ಹಾಗೇ ಬಿಟ್ಟಿದ್ದರೆ ಯುಗಾದಿ ಚಳಿಗಾಲಕ್ಕೆ ಹೋಗಿಬಿಡುತ್ತಿತ್ತು. ಅದಕ್ಕೇ 19 ವರ್ಷದಲ್ಲಿ 7 ಅಧಿಕ ಮಾಸ ಸೇರಿಸಿ ಹಬ್ಬವನ್ನು ಋತುವಿಗೆ ಕಟ್ಟಿಹಾಕಿದ್ದಾರೆ. ನನ್ನ ಪ್ರಕಾರ ಬೇವಿನ ಹೂ, ಮಾವಿನಕಾಯಿ ಸಿಗುವಾಗಲೇ ಹೊಸ ವರ್ಷ ಬರಬೇಕು ಅನ್ನೋ ಈ ಹಟ ಇದೆಯಲ್ಲ, ಪ್ರಕೃತಿಯ ಜೊತೆಗಿನ ನಂಟಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಈಗ ಸ್ವಲ್ಪ ಜಗಳದ ಮಾತು.

ಆನೆಗೊಂದಿ, ಸಾಣಾಪುರ ಕಡೆ ಬಂಡೆ ಮೇಲೆ ಕೂತು ಕಣ್ಣು ಮುಚ್ಚಿ ಧ್ಯಾನ ಮಾಡುವ ರೀಲ್ಸ್ ದಿನಾ ಬರುತ್ತವೆ. ಪ್ರಕೃತಿಯಲ್ಲಿ ಲೀನವಾಗಿ, ಮರವನ್ನು ಅಪ್ಪಿಕೊಳ್ಳಿ, ಅದರ ಶಕ್ತಿ ನಿಮ್ಮೊಳಗೆ ಇಳಿಯುತ್ತದೆ ಅಂತೆಲ್ಲ. ಅವರ ಮೇಲೆ ನನಗೇನೂ ಸಿಟ್ಟಿಲ್ಲ, ಎರಡು ದಿನ ಮೊಬೈಲ್ ಬಿಟ್ಟು ತುಂಗಭದ್ರೆ ದಡದಲ್ಲಿ ಕೂತರೆ ಯಾರಿಗಾದರೂ ಮನಸ್ಸು ಹಗುರ ಆಗುತ್ತದೆ. ಆದರೆ ಆ ನಂಟಿನಲ್ಲಿ ಮರಕ್ಕೆ ಏನು ಸಿಕ್ಕಿತು ಅಂತ ಯಾರೂ ಕೇಳಲ್ಲ. ಶಾಂತಿ ನಮಗೆ, ಶಕ್ತಿ ನಮಗೆ, ಫೋಟೋನೂ ನಮಗೆ. ಇನ್ನೊಂದು ವಾಟ್ಸಾಪ್ ಗುಂಪು ಇದೆ, ಅರಳಿ ಮರ ರಾತ್ರಿ ಹೊತ್ತೂ ಆಮ್ಲಜನಕ ಕೊಡುತ್ತದೆ, ನಮ್ಮ ಹಿರಿಯರು ಎಂಥಾ ವಿಜ್ಞಾನಿಗಳು ನೋಡಿ ಅನ್ನೋರದು. ಬೆಳಕಿಲ್ಲದೆ ಯಾವ ಮರವೂ ಆಮ್ಲಜನಕ ಬಿಡಲ್ಲ ಸ್ವಾಮಿ. ರಾತ್ರಿ ಅರಳಿಯೂ ನಮ್ಮ ಹಾಗೇ ಉಸಿರಾಡುತ್ತದೆ, ಅಷ್ಟೇ. ಅರಳಿ ದೊಡ್ಡದಾಗೋಕೆ ಈ ಸುಳ್ಳು ಬೇಕಾಗಿಲ್ಲ. ಅದರ ಕಾಯಿ ಒಳಗೇ ಹೂ ಇರುತ್ತದೆ, ಆ ಹೂವಿಗೆ ಪರಾಗ ಮುಟ್ಟಿಸೋಕೆ ಆ ಜಾತಿಗೇ ಮೀಸಲಾದ ಸಣ್ಣ ಕಣಜ ಬರಬೇಕು, ಹಣ್ಣಾದ ಮೇಲೆ ಹಕ್ಕಿ ತಿಂದು ಬೀಜವನ್ನು ಗುಡಿ ಗೋಪುರದ ಸಂದಿಗೆ ಹಾಕಬೇಕು. ಇಷ್ಟು ನಿಜ ಇರುವಾಗ ಸುಮ್ನೆ ಯಾಕೆ ಕತೆ ಕಟ್ಟಬೇಕು?

ನಮ್ಮ ಓಣಿ ಕೊನೆಗೆ ಒಂದು ಅರಳಿ ಇದೆ, ಪಕ್ಕದಲ್ಲೇ ಬೇವು. ಹಿಂದೆ ಯಾರೋ ಎರಡಕ್ಕೂ ಮದುವೆ ಮಾಡಿದ್ದರಂತೆ. ಬುಡದಲ್ಲಿ ನಾಗರಕಲ್ಲು. ಮೊದಲು ಅದರ ಕಟ್ಟೆ ಅಂದ್ರೆ ಸುತ್ತ ಒಡ್ಡು ಕಲ್ಲು ಜೋಡಿಸಿ ಒಳಗೆ ಮಣ್ಣು ತುಂಬಿದ್ದು, ಅಷ್ಟೇ. ಇರುವೆ ಗೂಡು ಇತ್ತು, ಮಳೆಗಾಲದಲ್ಲಿ ಗರಿಕೆ ಬರುತ್ತಿತ್ತು, ಇಸ್ಪೀಟು ಆಡೋರು ಕೂತು ಕೂತು ಕಲ್ಲು ನುಣ್ಣಗಾಗಿತ್ತು. ಈಗ ಅದಕ್ಕೆ ಕೆಳಗೆ ಕಾಂಕ್ರೀಟು, ಮೇಲೆ ಪಾಲಿಶ್ ಗ್ರಾನೈಟ್. ಕಾಂಡಕ್ಕೆ ಒತ್ತಿಕೊಂಡ ಹಾಗೆ ಸಿಮೆಂಟು ಮೆತ್ತಿದ್ದಾರೆ. ಸುತ್ತ ಸ್ಟೀಲ್ ಕಂಬಿ, ಒಂದು ಬದಿಗೆ ದಾನಿಗಳ ಹೆಸರು ಕೆತ್ತಿದ ಕಲ್ಲು. ನೋಡೋಕೆ ಭಾರಿ ಚೊಕ್ಕ. ಕುಷ್ಟಗಿ, ಇಳಕಲ್ ಕಡೆ ಒಳ್ಳೇ ಗ್ರಾನೈಟ್ ಸಿಗುವಾಗ ಹಾಕಿಸಬೇಕು ಅನಿಸೋದೂ ಸಹಜ ಬಿಡಿ.

ಈ ಸಲ ವಸಂತದಲ್ಲಿ ಬೇವಿಗೆ ಹೂ ಬಂತು. ಅರಳಿಯ ಪೂರ್ವದ ಕಡೆ ಕೊಂಬೆಗಳು ತಾಮ್ರದ ಬಣ್ಣಕ್ಕೆ ತಿರುಗಿದವು. ಪಶ್ಚಿಮದ ಕಡೆ, ಅಂದರೆ ರಸ್ತೆಗೂ ಡಾಂಬರು, ಕಟ್ಟೆಗೂ ಕಾಂಕ್ರೀಟು ಆಗಿರುವ ಕಡೆ, ದಪ್ಪ ಕೊಂಬೆ ಎರಡು ಬೋಳಾಗಿಯೇ ಉಳಿದವು.

ದಿನಾ ಬೆಳಗ್ಗೆ ಒಬ್ಬರು ಅಜ್ಜಿ ಬಂದು ಸುತ್ತು ಹಾಕುತ್ತಾರೆ. ಕೈಯಲ್ಲಿ ಹಿತ್ತಾಳೆ ತಂಬಿಗೆ. ನಾಗರಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಸಿಗಿಸೋಕೆ ಮಣ್ಣು ಇಲ್ಲದ್ದರಿಂದ ಬಾಳೆಹಣ್ಣಿಗೆ ಚುಚ್ಚಿ, ಕೊನೆಗೆ ತಂಬಿಗೆ ನೀರನ್ನು ಬುಡಕ್ಕೆ ಹಾಕುತ್ತಾರೆ. ಒಂದು ದಿನ ನಾನು ಅಲ್ಲೇ ನಿಂತಿದ್ದೆ. ನೀರು ಕಾಂಡಕ್ಕೆ ತಗುಲಿ, ಸಿಮೆಂಟಿನ ಮೇಲೆ ಇಳಿದು, ಗ್ರಾನೈಟಿನ ಮೇಲೆ ಜಾರಿ, ಕಟ್ಟೆ ಅಂಚಿನಿಂದ ತೊಟತೊಟ ಅಂತ ಚರಂಡಿಗೆ ಬಿತ್ತು. ಕುಂಕುಮದ ಬಣ್ಣ ಹಿಡಿದು ನೋಡಿದರೆ ದಾರಿ ಪೂರ್ತಿ ಕಾಣುತ್ತಿತ್ತು.

"ಯವ್ವಾ, ನೀರು ಗಿಡಕ್ಕ ಹೋಗಂಗಿಲ್ಲಲ್ಲ" ಅಂದೆ.

"ಏನ್ ಮಾಡ್ಲೆಪಾ, ಒಳಗ ಇಳೀವಲ್ದು. ಮೊದ್ಲು ಹಾಕಿದ್ ಹಾಕ್ದಂಗ ಕುಡೀತಿತ್ತು. ಈಗ ಇವ್ರು ಅದರ ಬಾಯಿ ಮುಚ್ಯಾರ" ಅಂದರು. ಸಿಟ್ಟೇನೂ ಇರಲಿಲ್ಲ. ತಂಬಿಗೆ ಒರೆಸಿಕೊಂಡು ಹೋದರು.

ಕಟ್ಟೆ ಮಾಡಿಸಿದವರಲ್ಲಿ ಒಬ್ಬರು ಪರಿಚಯದವರು. ಅವರನ್ನು ಕೇಳಿದೆ. "ಸ್ವಚ್ಛ ಇರ್ಲಿ ಅಂತ ಮಾಡೀವ್ರೀ. ಮಣ್ಣು ಇದ್ರ ನಾಯಿ ಮಲಗ್ತಾವು, ಗುಟ್ಕಾ ಉಗುಳ್ತಾರು, ದೇವರ ಜಾಗ ಅಲ್ರೀ ಅದು" ಅಂದರು. ಅವರು ಕೆಟ್ಟವರಲ್ಲ. ಭಕ್ತಿ ಇರೋದಕ್ಕೇ ಕೈಯಿಂದ ದುಡ್ಡು ಹಾಕಿದ್ದಾರೆ. ತೊಂದರೆ ಏನಂದರೆ ಆ ಭಕ್ತಿಯಲ್ಲಿ ದೇವರು ಇದ್ದಾನೆ, ಸ್ವಚ್ಛತೆ ಇದೆ, ದಾನಿಯ ಹೆಸರು ಕೂಡ ಇದೆ, ಮರ ಮಾತ್ರ ಇಲ್ಲ. ಮರವನ್ನು ಕಂಬ ಅಂದುಕೊಂಡಿದ್ದಾರೆ.

ಬೇರು ಅಂದ್ರೆ ಕಾಂಡದ ಕೆಳಗೆ ನೆಟ್ಟಗೆ ಪಾತಾಳಕ್ಕೆ ಇಳಿಯುವಂಥದ್ದು ಅಂತ ನಾವೆಲ್ಲ ಶಾಲೆಯ ಚಿತ್ರದಲ್ಲಿ ನೋಡಿದ್ದೇವೆ. ಆಳದ ಬೇರು ಇರುತ್ತವೆ, ನಿಜ. ಆದರೆ ನೀರು, ಸತ್ವ ಹೀರುವ ಸಣ್ಣ ಬೇರುಗಳು ಬಹುಪಾಲು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಹರಡಿರುತ್ತವೆ, ನೆರಳು ಬೀಳುವ ಜಾಗದ ಆಚೆಗೂ ಹೋಗಿರುತ್ತವೆ. ಅವೂ ಉಸಿರಾಡಬೇಕು. ಮಣ್ಣಿನ ಕಣಗಳ ನಡುವೆ ಗಾಳಿ ಇಲ್ಲದಿದ್ದರೆ ಬೇರು ಸಾಯುತ್ತದೆ, ಬೇರು ಸತ್ತ ಕಡೆಯ ಕೊಂಬೆ ಒಣಗುತ್ತದೆ. ಮರ ಒಂದೇ ದಿನ ಸಾಯಲ್ಲ, ಎಷ್ಟೋ ವರ್ಷ ಎಳೆಯುತ್ತದೆ, ಅದಕ್ಕೇ ಯಾರಿಗೂ ಕಾಂಕ್ರೀಟಿನ ಮೇಲೆ ಅನುಮಾನ ಬರಲ್ಲ. ಆಮೇಲೆ ಒಂದು ಗಾಳಿಮಳೆಗೆ ಉರುಳಿದಾಗ "ವಯಸ್ಸಾಗಿತ್ತು ಬಿಡು" ಅನ್ನುತ್ತೇವೆ. ದಿಲ್ಲಿಯಲ್ಲಿ ಇದೇ ವಿಷಯಕ್ಕೆ ಕೇಸಾಗಿ, ಮರದ ಸುತ್ತ ಒಂದು ಮೀಟರ್ ಒಳಗಿನ ಕಾಂಕ್ರೀಟ್ ಕಿತ್ತು ಹಾಕಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿದೆ. ಅಲ್ಲಿ ಅದು ಫುಟ್‌ಪಾತ್ ಮರಗಳಿಗಾಗಿ. ನಮ್ಮಲ್ಲಿ ಪೂಜೆ ಮಾಡುವ ಮರಕ್ಕೇ ಈ ಗತಿ.

ನಾನು ಮೊದಲು ಹೇಳಿದ್ದು ಈಗ ನೆನಪು ಮಾಡಿಕೊಳ್ಳಿ. ಮಲೆನಾಡಿನಲ್ಲಿ ಒಂದು ಕಡೆ ನೀರು ಇಳಿಯದಿದ್ದರೂ ಮರ ಹೇಗೋ ಬದುಕೀತು. ಇಲ್ಲಿ ಹಿಂಗಾರು ಮುಗಿದ ಮೇಲೆ ಬುಡದಲ್ಲಿ ಎಷ್ಟು ಇಳಿದಿದೆಯೋ ಅಷ್ಟರಲ್ಲೇ ಅದು ಏಪ್ರಿಲ್‌ನಲ್ಲಿ ಚಿಗುರಬೇಕು. ಒಂದು ತಂಬಿಗೆ ನೀರಿಂದ ಆ ದೊಡ್ಡ ಅರಳಿಗೆ ಏನಾಗುತ್ತದೆ ಅಂತ ನೀವು ಕೇಳಬಹುದು. ಬೇಸಿಗೆ ಪೂರ್ತಿ, ಓಣಿಯ ಹತ್ತಾರು ಹೆಂಗಸರು, ದಿನಾ ಒಂದೊಂದು ತಂಬಿಗೆ. ಲೆಕ್ಕ ನೀವೇ ಹಾಕಿ. ಹಳಬರು ಈ ನೀರು ಹಾಕುವ ಪದ್ಧತಿಯನ್ನು ಯಾಕೆ ಮಾಡಿದರು ಅಂತ ನಾನು ಖಚಿತವಾಗಿ ಹೇಳುತ್ತಿಲ್ಲ, ಪುಣ್ಯಕ್ಕೇ ಇರಬಹುದು. ಆದರೆ ಪುಣ್ಯ ಮನುಷ್ಯನಿಗೆ, ನೀರು ಮರಕ್ಕೆ ಅಂತ ಎರಡು ಕಡೆಗೂ ಏನೋ ಸಿಗುತ್ತಿತ್ತು. ನನಗೆ ಆಧ್ಯಾತ್ಮ ಅಂತ ಯಾವುದಾದರೂ ಇದ್ದರೆ ಅದು ಈ ಎರಡನೇ ಅರ್ಧದಲ್ಲಿದೆ.

ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ಹಳೇ ಸಂಬಂಧವೂ ಇದೆ. ಕೊಪ್ಪಳದ ಗವಿಮಠದ ಬಂಡೆ ಮೇಲೆ, ಪಾಲ್ಕಿಗುಂಡಿನ ಮೇಲೆ ಅಶೋಕನ ಶಾಸನ ಇದೆ. ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯದು 1915ರಲ್ಲಿ ಸಿಕ್ಕಿತು, ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಅನ್ನೋ ರಾಜ ಅಶೋಕನೇ ಅಂತ ಗಟ್ಟಿಯಾಗಿದ್ದು ಅದರಲ್ಲಿ ಹೆಸರು ಸಿಕ್ಕ ಮೇಲೆ. ಅದೇ ರಾಜ ಉತ್ತರದ ಒಂದು ಸ್ತಂಭ ಶಾಸನದಲ್ಲಿ, ದಾರಿ ಬದಿಗೆ ಆಲದ ಮರ ನೆಡಿಸಿದೆ, ಜನಕ್ಕೂ ದನಕ್ಕೂ ನೆರಳಾಗಲಿ ಅಂತ, ಮಾವಿನ ತೋಪು ಹಾಕಿಸಿದೆ ಅಂತ ಕೆತ್ತಿಸಿದ್ದಾನೆ. ದಾನಿಯ ಹೆಸರು ಕಲ್ಲಲ್ಲಿ ಕೆತ್ತಿಸೋ ಚಾಳಿ ನಮ್ಮದೊಂದೇ ಅಲ್ಲ ನೋಡಿ! ಆದರೆ ಅವನು ಕಲ್ಲನ್ನು ಕಲ್ಲಿನ ಜಾಗದಲ್ಲಿ, ಮರವನ್ನು ಮಣ್ಣಲ್ಲಿ ಇಟ್ಟ. ಅವನ ಮಗಳು ಸಂಘಮಿತ್ರೆ ಬೋಧಗಯೆಯ ಅರಳಿಯ ಕೊಂಬೆ ಒಯ್ದು ಶ್ರೀಲಂಕಾದ ಅನುರಾಧಪುರದಲ್ಲಿ ನೆಡಿಸಿದಳು ಅಂತ ಅಲ್ಲಿನವರ ಪರಂಪರೆ ಹೇಳುತ್ತದೆ. ಆ ಮರ ಇವತ್ತೂ ಚಿಗುರುತ್ತದೆ. ಎರಡು ಸಾವಿರ ವರ್ಷಕ್ಕಿಂತ ಜಾಸ್ತಿ. ಪೂಜೆಯ ಜೊತೆಗೆ ಆರೈಕೆಯೂ ಇದ್ದರೆ ಅರಳಿ ಎಷ್ಟು ದಿನ ಬಾಳುತ್ತದೆ ಅನ್ನೋಕೆ ಬೇರೆ ಉದಾಹರಣೆ ಬೇಡ.

ಬೇವಿನ ಕತೆಯೂ ನಮ್ಮ ಓಣಿಯ ಅರಳಿಯಂಥದ್ದೇ. ಬೇವಿನ ಎಣ್ಣೆಯಿಂದ ಶಿಲೀಂಧ್ರನಾಶಕ ಮಾಡುವ ವಿಧಾನಕ್ಕೆ ಯುರೋಪಿನಲ್ಲಿ ಅಮೆರಿಕದವರು ಪೇಟೆಂಟ್ ತಗೊಂಡಾಗ ನಮ್ಮ ದೇಶದಿಂದ ಹೋಗಿ ಜಗಳ ಆಡಿದರು, 2000ದಲ್ಲಿ ಅದು ರದ್ದಾಯಿತು, 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಬೇವು ನಮ್ಮದು ಅಂತ ಎದೆ ತಟ್ಟಿಕೊಂಡೆವು. ಅಮ್ಮ ಬಂದರೆ ಬಾಗಿಲಿಗೆ ಬೇವು, ದುರುಗಮ್ಮನ ಜಾತ್ರೆಗೆ ಬೇವಿನ ಉಡುಗೆ. ಅದೇ ರಸ್ತೆ ಅಗಲ ಮಾಡುವಾಗ ಸಾಲು ಬೇವು ಉರುಳಿದರೆ ಕೇಳೋರಿಲ್ಲ. ಉರುಳಿದ ಮರದ ಸೊಪ್ಪನ್ನೇ ಒಂದಿಷ್ಟು ಮುರಿದುಕೊಂಡು ಮನೆಗೆ ಒಯ್ಯುತ್ತೇವೆ. ಸಂಡೂರಿನ ಲಾರಿ ರಸ್ತೆ ಬದಿಯಲ್ಲಂತೂ ಚಿಗುರು ಯಾವುದು, ಅದಿರಿನ ಧೂಳು ಯಾವುದು ಅಂತ ಒರೆಸಿ ನೋಡಬೇಕು, ಎರಡೂ ಕೆಂಪು.

ಒಂದು ಅಡ್ಡ ಮಾತು. ಈ ಎಲ್ಲ ಮರಗಳ ನಡುವೆ ಯಾರೂ ಕೈ ಮುಗಿಯದ ಒಂದು ಗಿಡ ಇದೆ, ಅದಕ್ಕೆ ನಮ್ಮ ಕಡೆಯ ಊರಿನ ಹೆಸರೇ ಬಿದ್ದಿದೆ. ಬಳ್ಳಾರಿ ಜಾಲಿ. ಅಮೆರಿಕ ಕಡೆಯಿಂದ 19ನೇ ಶತಮಾನದಲ್ಲಿ ಭಾರತಕ್ಕೆ ತಂದದ್ದು. ಹೊಲ, ಕೆರೆ, ಗೋಮಾಳ ಎಲ್ಲಾ ನುಂಗಿದೆ, ಮುಳ್ಳು ಚುಚ್ಚಿದರೆ ವಾರಗಟ್ಟಲೆ ನೋವು, ನಾನೇನೂ ಅದರ ವಕಾಲತ್ತು ವಹಿಸುತ್ತಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಗ್ಯಾಸ್ ಬರುವವರೆಗೆ ಅನ್ನ ಬೆಂದದ್ದು ಇದರ ಸೌದೆಯಲ್ಲಿ. ಬನ್ನಿಗೆ ಇದು ಹತ್ತಿರದ ನೆಂಟ ಬೇರೆ. ದಸರಾದಲ್ಲಿ ಬನ್ನಿ ಎಲೆಯನ್ನು ಬಂಗಾರ ಅಂತ ಹಂಚುತ್ತೇವೆ, ಇದರ ಹೆಸರೆತ್ತಿದರೆ ಮುಖ ಸಿಂಡರಿಸುತ್ತೇವೆ. ದೇವರು ಅನ್ನಿಸಿಕೊಳ್ಳೋಕೆ ಉಪಯೋಗ ಒಂದೇ ಸಾಲಲ್ಲ ಅಂತ ಕಾಣುತ್ತದೆ.

ನಮ್ಮವರಿಗೆ ಹೇಳಿದರೆ ಕೇಳಲ್ಲ ಅಂತಲ್ಲ. ಗವಿಮಠದ ಸ್ವಾಮಿಗಳು ಮುಂದೆ ನಿಂತಾಗ ಜನ ಹಿರೇಹಳ್ಳಕ್ಕೆ ಇಳಿದು ಹೂಳು ತೆಗೆದಿದ್ದನ್ನು ಕೊಪ್ಪಳದವರು ಕಣ್ಣಾರೆ ನೋಡಿದ್ದೇವೆ. ಅಲ್ಲಿ ಭಕ್ತಿ ನೀರಿಗೆ ದಾರಿ ಮಾಡಿಕೊಟ್ಟಿತು. ಕಟ್ಟೆಯ ಕೆಲಸ ಅದರ ಮುಂದೆ ಏನೂ ಅಲ್ಲ.

ಗುಟ್ಕಾ ಉಗುಳೋರ ಸಮಸ್ಯೆ ನಿಜವೇ, ಅದಕ್ಕೆ ಕಂಬಿ ಇದೆಯಲ್ಲ, ಇರಲಿ. ಕೂರೋಕೆ ಕಲ್ಲು ಬೇಕು, ಹೊರಗಿನ ಸುತ್ತಿಗೆ ಇರಲಿ. ಕಾಂಡದ ಸುತ್ತ ಮೂರು ನಾಲ್ಕು ಅಡಿ ಮಾತ್ರ ಸಿಮೆಂಟು ಒಡೆದು, ಬೇರಿಗೆ ಗಡಾರಿ ತಾಗದ ಹಾಗೆ ಕೈಯಿಂದ ತೆಗೆದು, ಕೆರೆ ಮಣ್ಣು ಒಂದಿಷ್ಟು ಹಾಕಿ, ಉದುರಿದ ಎಲೆಯನ್ನು ಅಲ್ಲೇ ಬಿಟ್ಟರೆ ಸಾಕು. ಮಣ್ಣನ್ನು ಕಾಂಡಕ್ಕೆ ಒತ್ತಿ ಎತ್ತರಕ್ಕೆ ಏರಿಸಬಾರದು, ಅದೂ ತೊಗಟೆ ಕೊಳೆಸುತ್ತದೆ. ಹೊಸದಾಗಿ ಕಟ್ಟೆ ಕಟ್ಟಿಸೋರು ಇದ್ದರೆ ಕಲ್ಲನ್ನು ಸಿಮೆಂಟಿಲ್ಲದೆ ಜೋಡಿಸುವ ಕೆಲಸಗಾರರು ನಮ್ಮ ಕಡೆ ಇನ್ನೂ ಇದ್ದಾರೆ, ಅವರನ್ನೇ ಕರೆಸಿ. ಖರ್ಚೂ ಕಡಿಮೆ.

ಕಲ್ಲು ಕೆಲಸದವರೊಬ್ಬರನ್ನು ಕೇಳಿದ್ದೇನೆ, ಒಂದು ದಿನದ ಕೆಲಸ ಅಂದಿದ್ದಾರೆ. ಕಮಿಟಿಯವರು ಮೊದಲು ಬೇಡವೇ ಬೇಡ ಅಂದರು, ಆಮೇಲೆ ದಾನಿಗಳ ಹೆಸರಿನ ಕಲ್ಲು ಮುಟ್ಟಲ್ಲ ಅಂದ ಮೇಲೆ ಜಾತ್ರೆ ಮುಗೀಲಿ ನೋಡೋಣ ಅನ್ನೋವರೆಗೆ ಬಂದಿದ್ದಾರೆ. ಅಜ್ಜಿಯನ್ನೂ ಸಭೆಗೆ ಕರೀರಿ ಅಂತ ಹೇಳಿದ್ದೇನೆ, ಅದಕ್ಕೆ ಮಾತ್ರ ಯಾರೂ ಉತ್ತರ ಕೊಟ್ಟಿಲ್ಲ. ರಾಯಚೂರು, ಬಳ್ಳಾರಿ ಕಡೆ ಯಾರಾದರೂ ಹೀಗೆ ಕಟ್ಟೆ ಒಡೆಸಿ ಮರ ಉಳಿಸಿಕೊಂಡಿದ್ದರೆ ಕೆಳಗೆ ಬರೆಯಿರಿ. ಯಾರನ್ನು ಒಪ್ಪಿಸಿದಿರಿ, ಹೇಗೆ ಒಪ್ಪಿಸಿದಿರಿ, ಆ ಮೇಲೆ ಎಷ್ಟು ವರ್ಷಕ್ಕೆ ಬೋಳು ಕೊಂಬೆ ಚಿಗುರಿತು ಅನ್ನೋದು ಗೊತ್ತಾದರೆ ಸಭೆಯಲ್ಲಿ ನನಗೆ ಮಾತಾಡೋಕೆ ಆಗುತ್ತದೆ. ಫೋಟೋ ಇದ್ದರೆ ಮೊದಲಿನದ್ದು, ಆಮೇಲಿನದ್ದು ಎರಡನ್ನೂ ಹಾಕಿ.